ಬೆಳಕು, ನೀರು ಮತ್ತು ಲೋಳೆ
(ತೆಂಗು ಬೆಳೆಗಾರರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಅಟ್ಟದ ನೆರಳಿನಲ್ಲಿ ತಿಂಗಳುಗಟ್ಟಲೆ ತಂಗಿ ಉಂಡೆ ಕೊಬ್ಬರಿಯಾಗುತ್ತದೆ. ಕುಡಿಯುವ ನೀರು ಹದಗೊಳ್ಳುವುದು ಬಿಸಿಲಿನಲ್ಲಿ. ಆದರೆ ಬೆಳಕು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಅರಿಯದೆ ಯಂತ್ರ ಕೊಂಡರೆ ಹಣವೂ ಹೋದೀತು, ಮಕ್ಕಳ ಭೇದಿಯೂ ನಿಲ್ಲದು.

1980ರಲ್ಲಿ ಬೈರೂತಿನ ಅಫ್ತಿಮ್ ಅಕ್ರಾ ಮತ್ತು ಸಂಗಡಿಗರು, ಭೇದಿಯ ರೋಗಿಗಳಿಗೆ ಕುಡಿಸುವ ದ್ರಾವಣವನ್ನು ಬಿಸಿಲಿಗಿಟ್ಟರೆ ಅದರಲ್ಲಿನ ರೋಗಾಣುಗಳು ನಾಶವಾಗುವುದನ್ನು ಪ್ರಕಟಿಸಿದರು. ಅಲ್ಲಿಂದ ಬೆಳೆದ ವಿಧಾನ ಸರಳವಾದುದು. ಎರಡು ಲೀಟರು ಮೀರದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಳಿನೀರು ತುಂಬಿ ಆರು ಗಂಟೆ ನೇರ ಬಿಸಿಲಿನಲ್ಲಿ ಮಲಗಿಸಬೇಕು. ಮೋಡವಿದ್ದರೆ ಎರಡು ದಿನ. ಬಾಟಲಿಯನ್ನು ವೃತ್ತಪತ್ರಿಕೆಯ ಶೀರ್ಷಿಕೆಯ ಮೇಲೆ ನಿಲ್ಲಿಸಿ ಬಾಯಿಯಿಂದ ಇಣುಕಿದಾಗ ಅಕ್ಷರ ಓದಲು ಬಾರದಿದ್ದರೆ ಮೊದಲು ನೀರನ್ನು ಸೋಸಬೇಕು. ತೋಟದ ನೆರಳು ಇದಕ್ಕೆ ಸಲ್ಲದು. ಮನೆಯ ಮಾಳಿಗೆಯೇ ಸರಿ.

2010ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿಧರ್ ಮದ್ರಾಸ್, ಜಯಂತ್ ಮೋದಕ್ ಮತ್ತು ಸಂಗಡಿಗರು, ದಹನ ವಿಧಾನದಿಂದ ತಯಾರಿಸಿದ ಟೈಟಾನಿಯಂ ಡೈಆಕ್ಸೈಡ್ ಪುಡಿ ಬೆರೆತ ನೀರಿಗೆ ಬೆಳಕು ಹಾಯಿಸಿ ಇ. ಕೋಲಿ ಬ್ಯಾಕ್ಟೀರಿಯಗಳನ್ನು ನಿಷ್ಕ್ರಿಯಗೊಳಿಸಿದರು. ಅತಿನೇರಳೆ ದೀಪ ಜೀವಾಣುವಿನ ವಂಶವಾಹಿಯನ್ನು ಕೆಡಿಸಿದರೆ, ಬೆಳಕು ತಗುಲಿದ ಈ ಪುಡಿ ಅದರ ಹೊರಪೊರೆಯನ್ನೇ ಹರಿಯಬಲ್ಲದು.

ಆದರೆ ಬೆಳಕಿಗೆ ನೆನಪಿಲ್ಲ. ದೀಪದ ಮುಂದೆ ಶುದ್ಧವಾದ ನೀರು ಕೊಳವೆ ಹೊಕ್ಕೊಡನೆ ಅದಕ್ಕೆ ಕಾವಲಿಲ್ಲ. ತೊಟ್ಟಿಯ ಗೋಡೆ, ನಲ್ಲಿಯ ಕೊಳವೆ, ಹನಿ ನೀರಾವರಿಯ ನಳಿಕೆಗಳ ಒಳಮೈಗೆ ಅಂಟಿದ ಲೋಳೆ ಜೀವಾಣುಗಳು ತಾವೇ ಕಟ್ಟಿಕೊಂಡ ಕೋಟೆ. ತೇಲುವ ಜೀವಾಣುವನ್ನು ಕೊಲ್ಲುವ ಕಿರಣ ಈ ಕೋಟೆಯ ಆಳಕ್ಕೆ ಇಳಿಯಲಾರದು. ಅಲ್ಲಿಂದ ಕಳಚಿದ ಜೀವಾಣುಗಳು ಮತ್ತೆ ನೀರಿಗೆ ಸೇರುತ್ತವೆ. ಇನ್ನು ತೆರೆದ ತೊಟ್ಟಿಯ ಮೇಲೆ ಬೀಳುವ ಬಿಸಿಲು ಪಾಚಿಯನ್ನು ಸಾಕುತ್ತದೆ. ತುಮಕೂರು ಜಿಲ್ಲೆಯ ಅನೇಕ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡನ್ನು ಬಿಸಿಲಾಗಲಿ ಅತಿನೇರಳೆ ದೀಪವಾಗಲಿ ತೆಗೆಯಲಾರದು.

ಆದುದರಿಂದ ಯಂತ್ರಕ್ಕಿಂತ ಮೊದಲು ಕೈಗೆ ಪೊರಕೆ ಬರಲಿ. ತೊಟ್ಟಿಯನ್ನು ಉಜ್ಜಿ ತೊಳೆದು ಮುಚ್ಚಿಡಬೇಕು. ಹನಿ ನಳಿಕೆಗಳ ತುದಿ ಬಿಚ್ಚಿ ಕೆಸರು ಹರಿಯಬಿಡಬೇಕು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಅದು ಉಳಿದಿದೆಯೇ ಎಂದು ಗ್ರಾಮ ಪಂಚಾಯಿತಿಯನ್ನು ಕೇಳುವುದು ಪ್ರತಿ ಊರಿನ ಹಕ್ಕು. ಕೊಳವೆಬಾವಿಯ ನೀರನ್ನು ಫ್ಲೋರೈಡ್ ಪರೀಕ್ಷೆಗೆ ಕಳುಹಿಸಬೇಕು. ಬಿಸಿಲು ಪುಕ್ಕಟೆಯಾಗಿ ಸಿಗುತ್ತದೆ; ಎಚ್ಚರವನ್ನು ಮಾತ್ರ ಊರವರೇ ದುಡಿದು ಗಳಿಸಬೇಕು.