ಡೆತ್‌ಕೋರ್‌ನ ದಾಯಾದಿಗಳು

ಡೆತ್ ಮೆಟಲ್, ಗ್ರೈಂಡ್‌ಕೋರ್, ಡೆತ್‌ಕೋರ್ ಎಂದರೆ ಸಾಕು, ರೇಡಿಯೋದ ಕಿವಿ ಹಿಂಡುವವರಿದ್ದಾರೆ. ಹೆದರಬೇಡಿ, ಇವತ್ತು ಹಾಡು ಹಾಕುವುದಿಲ್ಲ. ಈ ಕಿವಿಗಡಚಿಕ್ಕುವ ಸಂಗೀತಕ್ಕೆ ಮನಸೋತವರು, ಒಂದು ಬ್ಯಾಂಡ್ ಹಿಡಿಸಿದ ಮೇಲೆ ಅದರಂಥದೇ ಇನ್ನೊಂದನ್ನು ಹೇಗೆ ಹುಡುಕಿಕೊಂಡರು ಎಂಬುದಷ್ಟೇ ಮಾತು.

1980ರ ದಶಕದಲ್ಲಿ ಈ ಸಂಗೀತ ಅಂಗಡಿಗಿಂತ ಹೆಚ್ಚಾಗಿ ಅಂಚೆಯಲ್ಲೇ ಓಡಾಡಿತು. ಫ್ಲಾರಿಡಾದ ಹುಡುಗ ಚಕ್ ಶುಲ್ಡಿನರ್ 'ಮ್ಯಾಂಟಾಸ್' ಎಂಬ ಬ್ಯಾಂಡ್ ಕಟ್ಟಿ 1984ರಲ್ಲಿ ಡೆಮೊ ಕ್ಯಾಸೆಟ್ ಮಾಡಿದ. ಅದೇ ಮುಂದೆ 'ಡೆತ್' ಆಯಿತು. ಮೊದಲ ಆಲ್ಬಮ್ ಬಂದದ್ದು 1987ರಲ್ಲಿ. ಅಷ್ಟರೊಳಗೆ ಅವರ ಕ್ಯಾಸೆಟ್‌ಗಳು ಕೈಯಿಂದ ಕೈಗೆ ಹೋಗಿ ಹೆಸರು ಮಾಡಿಯಾಗಿತ್ತು. ಪ್ರತಿಯ ಪ್ರತಿ ತೆಗೆದಂತೆಲ್ಲ ಹಾಡಿನ ಮೇಲೆ ಸುಂಯ್ ಸದ್ದು ಏರುತ್ತಿತ್ತು. ಖರ್ಚು ಉಳಿಸಲು ಅಭಿಮಾನಿಗಳು ಅಂಚೆಚೀಟಿಯ ಮೇಲೆ ಗೋಂದು ಸವರಿ ಕಳಿಸುತ್ತಿದ್ದರು. ಮುದ್ರೆ ತೊಳೆದು ಅದೇ ಚೀಟಿಯನ್ನು ಮತ್ತೆ ಅಂಟಿಸಬಹುದಿತ್ತು! ಜೊತೆಗೊಂದು ಪತ್ರ: ಇದು ಹಿಡಿಸಿದರೆ ಅದನ್ನೂ ಕೇಳು ಅಂತ.

ರೇಡಿಯೋದ ಪಾಲೂ ಇದೆ. ಬಿಬಿಸಿಯ ಜಾನ್ ಪೀಲ್ 1987ರಲ್ಲಿ ಬರ್ಮಿಂಗ್‌ಹ್ಯಾಮ್‌ನ ನೇಪಾಮ್ ಡೆತ್ ಎಂಬ ಗ್ರೈಂಡ್‌ಕೋರ್ ತಂಡವನ್ನು ತಮ್ಮ ಕಾರ್ಯಕ್ರಮಕ್ಕೆ ಕರೆಸಿ ನುಡಿಸಿಸಿದರು. ಆ ವರ್ಷವೇ ಬಂದ ಆ ತಂಡದ 'ಸ್ಕಮ್' ಆಲ್ಬಮ್‌ನಲ್ಲಿ 28 ಹಾಡು. ಒಂದಂತೂ ಶುರುವಾಗಿ ಮುಗಿಯಲು ಸುಮಾರು ಒಂದೂಕಾಲು ಸೆಕೆಂಡೇ ಸಾಕು. ನನ್ನ ಬೆರಗು ಅದಲ್ಲ. ತಟ್ಟೆಯ ಎರಡು ಬದಿಗಳಲ್ಲಿ ನುಡಿಸಿದವರೇ ಬೇರೆ ಬೇರೆ. ಎರಡರಲ್ಲೂ ಇರುವವನು ಡ್ರಮ್ಮರ್ ಮಿಕ್ ಹ್ಯಾರಿಸ್ ಒಬ್ಬನೇ. ನಮ್ಮಲ್ಲಿ ನಾಟಕ ಕಂಪನಿ ಒಡೆದು ಹೋಳಾದಂತೆ, ಆ ಆಲ್ಬಮ್‌ನಲ್ಲಿದ್ದ ಜಸ್ಟಿನ್ ಬ್ರಾಡ್ರಿಕ್ ಗಾಡ್‌ಫ್ಲೆಶ್ ಕಟ್ಟಿದರು, ಬಿಲ್ ಸ್ಟಿಯರ್ ಕಾರ್ಕಸ್‌ನಲ್ಲಿ ನೆಲೆನಿಂತರು, ಲೀ ಡೋರಿಯನ್ ಕ್ಯಾಥೀಡ್ರಲ್ ಶುರುಮಾಡಿದರು. ಮಿಂಚಿನ ವೇಗದಲ್ಲಿ ಅರಚಿದ್ದ ಡೋರಿಯನ್ ಕ್ಯಾಥೀಡ್ರಲ್‌ನಲ್ಲಿ ಹಿಡಿದದ್ದು ಆಮೆಗತಿ. ಒಂದೇ ಮನೆಯವರು, ಆದರೆ ಮುಖಚಹರೆ ಬೇರೆ.

ಇದಕ್ಕೆ ತಿರುಗುಮುರುಗು ಫ್ಲಾರಿಡಾದ ಟ್ಯಾಂಪಾ ನಗರದ ಮಾರಿಸೌಂಡ್ ಸ್ಟುಡಿಯೋ. ಅಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದ ಸ್ಕಾಟ್ ಬರ್ನ್ಸ್ ಮುಂದೆ ಕೂತವರು ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ, ಆದರೂ ಸದ್ದಿನಲ್ಲಿ ಅಣ್ಣತಮ್ಮಂದಿರು. ನ್ಯೂಯಾರ್ಕ್‌ನ ಸಫೊಕೇಶನ್ ಕೂಡ 1991ರ ಮೊದಲ ಆಲ್ಬಮ್‌ಗೆ ಅಲ್ಲಿಗೇ ಹೋಯಿತು. ಓಡುತ್ತಿದ್ದ ಹಾಡು ತಟ್ಟನೆ ನಿಧಾನಿಸಿ, ಗಿಟಾರು, ಡ್ರಮ್ಮು ಕೂಡಿ ಗುದ್ದುವ 'ಬ್ರೇಕ್‌ಡೌನ್' ಅದರಲ್ಲಿದೆ. ಇಂಥ ಡೆತ್ ಮೆಟಲ್‌ಗೆ ಹಾರ್ಡ್‌ಕೋರ್ ಪಂಕ್‌ನ ಬ್ರೇಕ್‌ಡೌನ್ ಬೆರೆತು ಹುಟ್ಟಿದ್ದು ಡೆತ್‌ಕೋರ್.

2005ರಲ್ಲಿ ಅರಿಜೋನಾದ ಡೆತ್‌ಕೋರ್ ತಂಡ ಜಾಬ್ ಫಾರ್ ಎ ಕೌಬಾಯ್ 'ಡೂಮ್' ತಂದಾಗ ಅಂಚೆಯ ಜಾಗಕ್ಕೆ ಮೈಸ್ಪೇಸ್ ಜಾಲತಾಣ ಬಂದಿತ್ತು. ಅಲ್ಲಿ ಬ್ಯಾಂಡ್‌ಗಳು ಗೆಳೆಯರ ಸಾಲಿನಲ್ಲಿ ಬೇರೆ ಬ್ಯಾಂಡ್‌ಗಳ ಹೆಸರು ಹಾಕುತ್ತಿದ್ದವು. ಹಳೆಯ ಪತ್ರದ ಕೆಲಸವೇ ಅದು. 2021ರಲ್ಲಿ ಲೊರ್ನಾ ಶೋರ್ ತಂಡದ 'ಟು ದ ಹೆಲ್‌ಫೈರ್' ಹಾಡು ಹಬ್ಬಿದ್ದು ಮೊಬೈಲಿನ ತುಣುಕು ವಿಡಿಯೋಗಳಲ್ಲಿ.

ಈಗ ಆ್ಯಪ್ ತಾನೇ ಮುಂದಿನ ಹಾಡು ಹಾಕುತ್ತದೆ. ಬೇಡವೆನ್ನುವುದಿಲ್ಲ, ಆದರೆ ಅದನ್ನೇ ನಂಬಿ ಕೂತರೆ ಡೋರಿಯನ್‌ನಂಥವರ ಹಿಂದೆ ಹೋಗುವುದು ತಪ್ಪುತ್ತದೆ. ಹಿಡಿಸಿದ ಆಲ್ಬಮ್‌ಗೆ ಡ್ರಮ್ ಬಾರಿಸಿದ್ದು ಯಾರು, ರೆಕಾರ್ಡ್ ಆದದ್ದು ಎಲ್ಲಿ ಎಂದು ನೋಡಿ. ಆಮೇಲೆ ಅವರು ಎಲ್ಲಿಗೆ ಹೋದರು ಎಂದು ಹುಡುಕಿ. ಡೆತ್‌ಕೋರ್ ಪ್ರಿಯರು ಸಫೊಕೇಶನ್‌ನ ಆ ಮೊದಲ ಆಲ್ಬಮ್‌ನಿಂದಲೇ ಶುರುಮಾಡಲಿ.