ಪಾಠ ಹೇಳುವವರಿಗೆ ಸಂಘವೇಕೆ?
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಪೋಷಕರೊಬ್ಬರು ಈಚೆಗೆ ನಮ್ಮನ್ನು ಕೇಳಿದರು: “ಗುರುಗಳೇ, ಪಾಠ ಹೇಳುವವರಿಗೆ ಸಂಘವೇಕೆ?” ಪ್ರಶ್ನೆ ಸರಳವಾದುದು, ಉತ್ತರ ಅಷ್ಟು ಸರಳವಲ್ಲ.

ಮಾರ್ಮಗೋವಾ ಬಂದರಿನ ಕೆಲಸ ಬಲ್ಲವರು ನಿಮ್ಮಲ್ಲಿದ್ದೀರಿ. ಅಲ್ಲಿ ಕಾರ್ಮಿಕ ಸಂಘಗಳೂ ಆಡಳಿತದವರೂ ಎದುರುಬದುರು ಕುಳಿತು ವೇತನದ ಕರಾರು ಮಾಡಿಕೊಳ್ಳುವುದುಂಟು. ಉಪಾಧ್ಯಾಯರಿಗೆ ಆ ಹಾದಿ ಸುಗಮವಾಗಿರಲಿಲ್ಲ.

ಇದಕ್ಕೆ ಗೋವೆಯ ನಿದರ್ಶನವೇ ಇದೆ. 1975ರಲ್ಲಿ ಇಲ್ಲಿಯ ಒಂದು ಶಾಲೆಯ ಶಿಕ್ಷಕಿಯನ್ನು ಕೆಲಸದಿಂದ ತೆಗೆಯಲಾಯಿತು. ಆಕೆ 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಆಶ್ರಯ ಬೇಡಿದರು. ಬೆಂಗಳೂರು ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ, 1978ರಲ್ಲಿ, ವಿದ್ಯಾಸಂಸ್ಥೆಯೂ ‘ಉದ್ಯಮ’ವೇ ಎಂದು ತೀರ್ಮಾನವಾಗಿತ್ತು. ಆದರೆ 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಲೆ ಉದ್ಯಮವಾದರೂ ಶಿಕ್ಷಕರು ಆ ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ, ಬೋಧನೆಯು ಉದಾತ್ತ ವೃತ್ತಿ ಎಂದು ತೀರ್ಪಿತ್ತಿತು. ತೀರ್ಪು ಬರೆದವರು ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು. ಅಷ್ಟರಲ್ಲಿ ಗೋವೆಯಲ್ಲಿ 1984ರ ಶಾಲಾ ಶಿಕ್ಷಣ ಕಾಯಿದೆಯು ಖಾಸಗಿ ಶಾಲೆಯ ನೌಕರರಿಗೆ ಬೇರೆ ರಕ್ಷಣೆಯನ್ನು ಒದಗಿಸಿತ್ತೆಂಬುದು ಸಮಾಧಾನದ ಸಂಗತಿ.

ಗೌರವವೇನೋ ದೊರೆಯಿತು. ಆದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೆ ಜುಟ್ಟಿಗೆ ಮಲ್ಲಿಗೆ ಮುಡಿದು ಫಲವೇನು? ನಾವು ವೃತ್ತಿಗೆ ಬಂದ ಹೊಸತರಲ್ಲಿ ಒಂದೆಡೆ ಮೂರು ತಿಂಗಳು ಸಂಬಳ ಬರಲಿಲ್ಲ. ಒಬ್ಬೊಬ್ಬರಾಗಿ ಹೋಗಿ ಕೇಳಿದೆವು. ಒಬ್ಬೊಬ್ಬರಾಗಿಯೇ ಬರಿಗೈಯಲ್ಲಿ ಮರಳಿದೆವು. ಆ ದಿನಗಳಲ್ಲಿ ನಮ್ಮ ದೇಹ ತರಗತಿಯಲ್ಲಿತ್ತು, ಮನಸ್ಸು ದಿನಸಿ ಅಂಗಡಿಯ ಸಾಲದಲ್ಲಿತ್ತು. ನಷ್ಟವಾದುದು ಮಕ್ಕಳಿಗೆ.

ಒಟ್ಟಾಗಿ ಕೇಳಿದರೆ ಏನಾಗುತ್ತದೆಂಬುದಕ್ಕೆ ಗ್ರಾಚ್ಯುಯಿಟಿಯ ಕಥೆ ಸಾಕ್ಷಿ. ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಸಂಘವೊಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತಿತು; 1972ರ ಗ್ರಾಚ್ಯುಯಿಟಿ ಕಾಯಿದೆ ಶಿಕ್ಷಕರಿಗೆ ಅನ್ವಯಿಸದೆಂದು ತೀರ್ಪಾಯಿತು. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಸಂಸತ್ತು 2009ರಲ್ಲಿ ಕಾಯಿದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಶಿಕ್ಷಕರಿಗೆ ಆ ಹಕ್ಕನ್ನು ನೀಡಿತು. 2022ರಲ್ಲಿ ನ್ಯಾಯಾಲಯವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಹಾಗೆಂದು ಮುಷ್ಕರವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಿಂತ ಹಡಗಿಗೆ ನಾಳೆಯೂ ಸರಕು ತುಂಬಬಹುದು; ಪರೀಕ್ಷೆಯ ಮುನ್ನ ಕಳೆದುಹೋದ ಪಾಠದ ದಿನ ಮಗುವಿಗೆ ಮರಳಿ ಬಾರದು. ಈ ನಾಡಿನಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಶಾಲೆಗಳೇ ವಿರಳವಾಗಿರುವಾಗ ಈ ಮಾತು ಇನ್ನಷ್ಟು ಸತ್ಯ. ಆದುದರಿಂದಲೇ ಮನಸ್ತಾಪ ಬೆಳೆಯುವ ಮುನ್ನವೇ ಮಾತು ನಡೆಯಬೇಕು. ಆಡಳಿತ ಮಂಡಳಿಯೂ ಶಿಕ್ಷಕರೂ ವರ್ಷಕ್ಕೆರಡು ಸಲ ಕುಳಿತು, ಲೆಕ್ಕವನ್ನು ಮುಂದಿಟ್ಟು, ಒಪ್ಪಿದುದನ್ನು ಬರಹದಲ್ಲಿಟ್ಟು ಇಬ್ಬರೂ ಸಹಿ ಹಾಕಬೇಕೆಂದು ಈ ವೇದಿಕೆಯಿಂದಲೇ ವಿನಂತಿಸುತ್ತೇವೆ. ಹಣವಿಲ್ಲದಿದ್ದರೆ ಇಲ್ಲವೆಂದು ಹೇಳಲಿ. ನಿಜವನ್ನು ತಿಳಿದವನು ತಾಳಬಲ್ಲನು.

ಮಕ್ಕಳೇ, ನಿಮಗೊಂದು ಮಾತು. ಹಕ್ಕನ್ನು ಕೇಳುವುದು ಅವಿನಯವಲ್ಲ. ಕರ್ತವ್ಯವನ್ನು ಬಿಟ್ಟು ಕೇಳುವುದು ಅವಿವೇಕ. ಇವೆರಡರ ಅಂತರವನ್ನು ನಮ್ಮ ನಡತೆಯಿಂದ ನೀವು ಕಲಿಯುವಂತಾದರೆ ನಾವು ಧನ್ಯರು.