ಬೇಸ್ ಗಿಟಾರ್: ಕಲಿಯುವ ಮುನ್ನ

ಬೇಸ್ ಗಿಟಾರ್ ಕಲಿಯಬಯಸುವವರು ಮೊದಲು ಕೇಳುವುದು, "ಸಾಧಾರಣ ಗಿಟಾರ್ ಬಂದಿರಬೇಕೇ?" ಎಂದು. ಬೇಕಿಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಾದ್ಯದಲ್ಲಿದ್ದಂತೆ ಇಂದಿಗೂ ಇದಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿ: ಇ, ಎ, ಡಿ, ಜಿ. ಗಿಟಾರಿನ ದಪ್ಪ ತಂತಿಗಳ ಸ್ವರಗಳೇ, ಒಂದು ಸ್ಥಾಯಿ ಕೆಳಗೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಷ್ಟು ತಗ್ಗಿನ ನಾದವನ್ನು ಪುಟ್ಟ ಸ್ಪೀಕರ್ ಸರಿಯಾಗಿ ಹೊರಡಿಸಲಾರದು. "ಬೇಸ್ ಕೇಳಿಸುವುದೇ ಇಲ್ಲವಲ್ಲ" ಎನ್ನುವವರು ಅದೇ ಹಾಡನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ ನೋಡಲಿ.

ಬೆರಳು ನೋಯುತ್ತದೆಯೇ? ಮೊದಮೊದಲು ನೋಯುತ್ತದೆ. ಫ್ರೆಟ್ ಎಂಬ ಲೋಹದ ಪಟ್ಟಿಯ ಮೇಲಲ್ಲ, ಅದಕ್ಕೆ ತಾಗಿದಂತೆ ಹಿಂಬದಿಯಲ್ಲಿ ಒತ್ತಿದರೆ ಕಡಿಮೆ ಬಲ ಸಾಕು. ಮಣಿಕಟ್ಟು ನೋಯತೊಡಗಿದರೆ ಮಾತ್ರ ಅಂದಿನ ಅಭ್ಯಾಸ ನಿಲ್ಲಿಸಿ. ಅದನ್ನು ಸಹಿಸುವುದು ಸಾಧನೆಯಲ್ಲ.

ಬಲಗೈಯ ತೋರುಬೆರಳು, ನಡುಬೆರಳು ಸರದಿಯಂತೆ ಮೀಟಲಿ. ಜೇಮ್ಸ್ ಜೇಮರ್ಸನ್ ತೋರುಬೆರಳೊಂದರಿಂದಲೇ ನುಡಿಸಿದರು, ನಿಜ. ಆದರೆ ಅದು ಮೊದಲ ಪಾಠವಲ್ಲ.

ಈ ವಾದಕನ ಮುಖ್ಯ ಕೆಲಸ ಡ್ರಮ್ಸ್‌ನೊಡನೆ ಕಾಲಪ್ರಮಾಣ ಕಾಯುವುದು. ಮೆಟ್ರೊನೋಮ್ ಇಟ್ಟುಕೊಂಡು ದಿನಕ್ಕೆ ಹತ್ತು ನಿಮಿಷ ಒಂದೇ ಸ್ವರ ನುಡಿಸಿ. ಬೇಸರವಾಗುತ್ತದೆ, ಆಗಲಿ. ಮೀಟದ ತಂತಿಗಳೂ ಸುಮ್ಮನೆ ಗುಂಯ್‌ಗುಡುತ್ತವೆ. ಅವನ್ನು ಬೆರಳಿನಿಂದ ಹಗುರಾಗಿ ಮುಟ್ಟಿ ಸುಮ್ಮನಿರಿಸುವುದನ್ನೂ ಆಗಲೇ ರೂಢಿಸಿಕೊಳ್ಳಿ.